ಕಡಲು ಕಾಣದ ಬಂಗಲೆ

"ಬಂಗ್ಲೆ ಮಾರಾಟಕ್ಕೈತೆ ಅಂದ್ರೆ, ನಮ್ಮಿಬ್ರನ್ನೂ ಸೇರ್ಸಿ ಮಾರ್ತಾರಾ?"

ಗೇಟಿಗೆ ಕಟ್ಟಿದ್ದ ಬೋರ್ಡಿನ ಮುಂದೆ ಪೊರಕೆ ಹಿಡಿದು ನಿಂತು ಓಬಯ್ಯ ಕೇಳಿದ. ಉತ್ತರ ಹೇಳಲು ಅಲ್ಲಿ ಬಂಡೆಗಳ ಹೊರತು ಯಾರೂ ಇರಲಿಲ್ಲ.

ಮೊಳಕಾಲ್ಮುರಿನ ಗುಡ್ಡದ ಓರೆಯ ಆ ಬಂಗಲೆಯನ್ನು ಕಟ್ಟಿಸಿದವರು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹನುಮಂತರಾಯರು. ತೊಂಬತ್ತು ವರ್ಷದ ಹಿಂದೆ ಕಡಲೆಕಾಯಿ ಎಣ್ಣೆಯ ವ್ಯಾಪಾರಕ್ಕೆಂದು ಹಡಗು ಹತ್ತಿ ಇಟಲಿಯವರೆಗೆ ಹೋಗಿಬಂದ ರಾಯರ ಕಣ್ಣಿಗೆ ಅಲ್ಲಿನ ಕಡಲ ದಂಡೆಯ ಮನೆಗಳು ಅಂಟಿಕೊಂಡುಬಿಟ್ಟವು. ಸುಣ್ಣದ ಬಿಳಿ ಗೋಡೆ, ಕೆಂಪು ಹೆಂಚು, ಸಾಲು ಕಮಾನು, ನೀಲಿ ಕಿಟಕಿ, ಅಲೆ ನೋಡಲು ಉಪ್ಪರಿಗೆ, ಎಲ್ಲವನ್ನೂ ಇಲ್ಲಿಗೆ ತಂದರು, ಕಡಲೊಂದನ್ನು ತರಲಾಗಲಿಲ್ಲ. ಗಂಡ ಬರುತ್ತಾನೆಂದು ಸಿಂಗರಿಸಿಕೊಂಡು ಕೂತು ಮುದುಕಿಯಾದವಳ ಹಾಗೆ ಬಂಗಲೆ ಅಂದಿನಿಂದ ಬಂಡೆಗಳನ್ನೇ ನೋಡುತ್ತಿತ್ತು.

ಅದರ ಹಿತ್ತಲಿನ ಒಂಟಿ ಕೋಣೆಯಲ್ಲಿ ಕಾವಲುಗಾರ ಓಬಯ್ಯ ಹೆಂಡತಿ ಪಾತಮ್ಮನ ಜೊತೆ ಇಪ್ಪತ್ತೆಂಟು ವರ್ಷ ಕಳೆದಿದ್ದ. ಪಾತಮ್ಮನಿಗೆ ಸೊಂಟ ಬಿದ್ದು ಎರಡು ವರ್ಷ. ಹಾಸಿಗೆಯಿಂದ ಬಾಗಿಲಿಗೆ ಬರುವುದೇ ಆಕೆಗೆ ಕಾಶಿಯಾತ್ರೆ. ಆ ಕೋಣೆ ತಪ್ಪಿದರೆ ಇಬ್ಬರ ತಲೆಯ ಮೇಲೂ ಆಕಾಶವೇ ಸೂರು.

ಅಂದು ಬೆಳಿಗ್ಗೆ ರಾಯರ ಮೊಮ್ಮಗ ಲೋಹಿತ ಚಳ್ಳಕೆರೆಯಿಂದ ಫೋನ್ ಮಾಡಿದ್ದ. "ಹನ್ನೊಂದಕ್ಕೆ ಬಳ್ಳಾರಿಯಿಂದ ಮನೆ ನೋಡಾಕೆ ಬರ್ತಾರೆ. ಗುಡ್ಸಿಡು."

"ನಮ್ ಗತಿ ಏನು ಸ್ವಾಮಿ?"

"ಕೊಳ್ಳೋರ್ನೇ ಕೇಳ್ಕೊಳಪ್ಪ." ಫೋನು ಸತ್ತಿತು.

ಗುಡ್ಡದ ಬುಡದಲ್ಲಿ ಚಾ ಅಂಗಡಿಯ ರಾಜಣ್ಣನಿಗೆ ಸುದ್ದಿ ತಲುಪಿದ್ದೇ ತಡ, ಹಾಲು ಉಕ್ಕುವುದನ್ನೂ ನೋಡದೆ ಓಡಿ ಬಂದ. ಬೇರೆಯವರ ಕಷ್ಟವೆಂದರೆ ಅವನಿಗೆ ಇರುವೆಗೆ ಬೆಲ್ಲ ಸಿಕ್ಕಂತೆ.

"ಲೇ ಓಬಯ್ಯ, ಅಳಬ್ಯಾಡ. ಕೆಳಗೆ ದೇವರೆತ್ತು ಮೇಯ್ತಾ ಅದಾವೆ. ಒಂದು ಬಂದು ಬಂಗ್ಲೆ ಒಳಗೆ ನಿಂತ್ರೆ ಸಾಕು, ಕೊಳ್ಳೋಕೆ ಬಂದೋರು ಹಿಂದಕ್ಕೆ ನೋಡ್ದಂಗೆ ಹೋಗ್ತಾರೆ."

ದೇವರಿಗೆಂದು ಬಿಟ್ಟ ಆ ಎತ್ತುಗಳನ್ನು ಯಾರೂ ಹೂಡುವುದಿಲ್ಲ, ಹೊಡೆಯುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಅವುಗಳನ್ನು ಕಾಯುವ ಕಿಲಾರಿ ಶಿವಣ್ಣನ ಮಾತಿಗೆ ಊರಲ್ಲಿ ಎದುರು ಮಾತಿಲ್ಲ.

"ದೇವರ ಹೆಸ್ರಲ್ಲಿ ಮೋಸ ಆಗಲ್ವೇನೋ?" ಓಬಯ್ಯ ಪೊರಕೆ ಕೆಳಗಿಟ್ಟ.

"ನೀನು ಹಿಂಡಿ ಇಡ್ತೀಯ ಅಷ್ಟೇ. ಬರೋದು ಬಿಡೋದು ಅದರಿಷ್ಟ."

ಓಬಯ್ಯ ಕೈಮುಗಿದು, ಕಡಲೆ ಹಿಂಡಿಗೆ ಬೆಲ್ಲ ಕಲಸಿ, ಗೇಟಿನಿಂದ ನಡುಮನೆಯವರೆಗೆ ಉಂಡೆ ಇಟ್ಟುಕೊಂಡು ಹೋದ. ಬಿಳಿ ಎತ್ತೊಂದು ಮದುವೆಗೆ ಬಂದ ಬೀಗರ ಗತ್ತಿನಲ್ಲಿ ಒಂದೊಂದೇ ಉಂಡೆ ಮುಗಿಸುತ್ತ ಕಮಾನು ದಾಟಿ ಬಂತು. ಬಂದು ನಿಲ್ಲುತ್ತದೆಂದು ಇವರ ಎಣಿಕೆ. ಹೊಟ್ಟೆ ತುಂಬಿದ ಎತ್ತು ನಡುಮನೆಯ ತಣ್ಣನೆಯ ಕಲ್ಲುಹಾಸಿನ ಮೇಲೆ ಕಾಲು ಮಡಚಿ ಮಲಗೇಬಿಟ್ಟಿತು.

"ಇನ್ನೂ ಪಸಂದಾತು!" ಎಂದು ರಾಜಣ್ಣ ಊರಿಗೆ ಸಾರಲು ಓಡಿದ.

ಹನ್ನೊಂದಕ್ಕೆ ಸರಿಯಾಗಿ ಕಾರಿನಿಂದ ಇಳಿದವರು ಸುಲೋಚನಮ್ಮ, ಬಳ್ಳಾರಿಯ ನಿವೃತ್ತ ಹೆಡ್‌ಮಿಸ್ಸು. ಬಾಗಿಲಲ್ಲೇ ಎತ್ತನ್ನು ಕಂಡು ಚಪ್ಪಲಿ ಬಿಟ್ಟರು, ಕೈ ಮುಗಿದರು, ಕಣ್ಣೊರೆಸಿಕೊಂಡರು.

"ದೇವರು ಮಲಗಿರೋ ಮನೇನ ನಾನು ಹೆಂಗೆ ಕೊಳ್ಳಲಿ? ಬ್ಯಾಡಪ್ಪ." ಹೊರಟವರು ತಿರುಗಿ ನಿಂತರು. "ಲೋಹಿತ ಹೇಳಿದ ಓಬಯ್ಯ ನೀನೇನಾ? ನಾನೊಬ್ಳೇ ಇರಬೇಕಲ್ಲ, ಜೊತೆಗೆ ಜನ ಇರ್ಲಿ ಅಂತ, ನೀವು ಗಂಡ ಹೆಂಡ್ತಿ ಬದುಕಿರೋ ತನಕ ಆ ಕೋಣೆ ನಿಮ್ದೇ ಅಂತ ಕಾಗದದಲ್ಲೇ ಬರೆಸ್ಕೊಂಡು ಬಂದಿದ್ದೆ. ಋಣ ಇಲ್ಲ, ಬಿಡು."

ಕಾಗದವನ್ನು ಅವನೆದುರಿಗೇ ನಾಲ್ಕು ಚೂರು ಮಾಡಿ, ಕಸ ಚೆಲ್ಲಬಾರದೆಂದು ಚೂರುಗಳನ್ನು ಚೀಲಕ್ಕೆ ಹಾಕಿಕೊಂಡು ಕಾರು ಹತ್ತಿದರು.

ಗಳಿಗೆಯೊಳಗೆ ಊರಿಗೆ ಊರೇ ತೆಂಗಿನಕಾಯಿ ಹಿಡಿದು ಗುಡ್ಡದ ಮೇಲಿತ್ತು. ಇನ್ನು ಬಂಗಲೆ ಯಾರೂ ಕೊಳ್ಳುವುದಿಲ್ಲವೆಂದು ಅರಿತ ಲೋಹಿತ, ಫೋನಿನಲ್ಲೇ ಅದನ್ನು ದೇವರಿಗೆ ಬಿಟ್ಟುಕೊಟ್ಟ. ಜನ ಜೈಕಾರ ಹಾಕಿದರು. ಎಲ್ಲರಿಗಿಂತ ಜೋರು ರಾಜಣ್ಣನದು.

ಕಿಲಾರಿ ಶಿವಣ್ಣ ಕೋಲೂರಿ ನಿಂತ. "ಎತ್ತು ಮಲಗಿದ ಜಾಗ ದೇವರ ರೊಪ್ಪ, ದೇವರೆತ್ತಿನ ದೊಡ್ಡಿ. ಕಾಂಪೌಂಡಿನೊಳಗೆ ಒಲೆ ಉರಿಯಂಗಿಲ್ಲ, ಸಂಸಾರ ಇರಂಗಿಲ್ಲ. ಹೊತ್ತು ಮುಳುಗೋದ್ರೊಳಗೆ ಹಿತ್ತಲ ಕೋಣೆ ಖಾಲಿ ಆಗ್ಬೇಕು."

ಅಷ್ಟರಲ್ಲಿ ಎತ್ತು ಎದ್ದು, ಸಗಣಿ ಹಾಕಿ, ಯಾರನ್ನೂ ಕೇಳದೆ ಗುಡ್ಡ ಇಳಿದು ಹೋಗಿತ್ತು.

ಓಬಯ್ಯ ಶಿವಣ್ಣನ ಕಾಲು ಹಿಡಿದ. "ತಪ್ಪಾತು ಶಿವಣ್ಣೋರೇ. ಹಿಂಡಿ ಆಸೆ ತೋರ್ಸಿ ಕರ್ಕಂಡು ಬಂದೋನು ನಾನೇ. ಅದು ದೇವರಾಗಿ ಬಂದಿದ್ದಲ್ಲ."

ಶಿವಣ್ಣನಿಗೆ ಸಿಟ್ಟು ಬರಲಿಲ್ಲ. "ಊರಾಗೆ ಎಲ್ರೂ ಹಿಂಡಿ ಇಡ್ತಾರೆ. ಎಲ್ಲಾ ಕಡೆ ತಿಂದು ಹೋಗ್ತೈತೆ. ಇಲ್ಲಿ ಮಲಗ್ತು. ಮಲಗು ಅಂತ ನೀನೇನಾದ್ರೂ ಹೇಳಿದ್ಯಾ?"

"ಇಲ್ಲ."

"ಮತ್ತೆ ಯಾರು ಹೇಳಿದ್ರು?"

ಹಿತ್ತಲಿನಿಂದ ಪಾತಮ್ಮನ ದನಿ ತೇಲಿ ಬಂತು: "ಏನಂತೆ? ನಾವಿಲ್ಲೇ ಇರಬೌದಂತಾ?"

"ಅವ್ಳಿಗೆ ಏಳಾಕಾಗಲ್ಲ ಶಿವಣ್ಣೋರೇ. ಇವತ್ತೊಂದು ದಿನ ಬಿಡ್ರಿ."

"ಆಗಲ್ಲ," ಅಂದ ಶಿವಣ್ಣ.