ತಂಪು ಮನೆಯ ಬೆವರು

ತಾಳಿಕೋಟೆಯ ಬಿಸಿಲನ್ನು ನಾನು ಹೇಗೋ ತಾಳಿಕೊಂಡೇನು (ಊರಿನ ಹೆಸರಲ್ಲೇ 'ತಾಳಿಕೋ' ಎಂಬ ಆಜ್ಞೆ ಇದೆ). ಆದರೆ ನನ್ನ ಹೆಂಡತಿ ಸಿದ್ದೀಕಾಳಿಗೆ ಗಂಡನಿಗಿಂತ ಮನೆಯ ಗೋಡೆಯ ಮೇಲೆ ಮಮತೆ ಹೆಚ್ಚು ಎಂಬುದನ್ನು ಮಾತ್ರ ತಾಳಲಾರೆ.

ನಮ್ಮದು ಮುತ್ತಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆ ಮನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ಬೆಕ್ಕೊಂದು ಮರಿಗಳೊಡನೆ ಸಂಸಾರ ಹೂಡಿದೆ. ಮಳೆಗೆ ಸೋರುತ್ತದೆಂದು ಅಪ್ಪ ಮಾಳಿಗೆಗೆ ಸಿಮೆಂಟು ಮೆತ್ತಿಸಿ, ಅದರ ನಡುವಿನ ಗವಾಕ್ಷಿಗೆ ತಗಡು ಬಡಿಸಿದ ಮೇಲೆ ಮನೆ ಇಟ್ಟಂಗಿ ಭಟ್ಟಿಯಾಗಿತ್ತು.

ಈ ಬೇಸಿಗೆಯಲ್ಲಿ ಎಸಿ ಕೂಡಿಸುವ ನಿಯಾಜನನ್ನು ಕರೆತಂದೆ. ಅವನು ಕಂಬ, ತೊಲೆಗಳನ್ನೆಲ್ಲ ನೋಡಿ, "ಗ್ವಾಡಿಗೆ ಒಂದು ತೂತು ಹೊಡೀಬೇಕಾಗ್ತೈತ್ರಿ" ಎಂದ.

"ಯಾರ ಗ್ವಾಡಿಗೆ?" ಸಿದ್ದೀಕಾ ಅಡುಗೆಮನೆಯಿಂದ ಬಂದಳು. "ಮುತ್ಯಾ ಕಟ್ಟಿಸಿದ್ದೈತಿ ಇದು. ಹೊಡಿಯೂದಿದ್ರ ಮೊದಲ ಇವರ ತಲಿಗೆ ಹೊಡಿ ತಮ್ಮಾ. ಒಳಗಿನ ಬಿಸಿ ಹೊರಗರ ಹೋಗ್ತೈತಿ."

ನಿಯಾಜ ಚಹಾ ಕೂಡ ಕುಡಿಯದೆ ಹೋದ.

ಆಗ ನನ್ನೊಳಗಿನ ಮಹಾಮೇಧಾವಿ ಎದ್ದ. "ತೂತೂ ಬ್ಯಾಡ, ಕರೆಂಟೂ ಬ್ಯಾಡ. ಹಳೇ ಮನಿ ಹಳೇ ರೀತೀಲೆ ತಂಪು ಮಾಡೂಣು."

"ಮಾಡೋರ್ಯಾರು?"

"ನಾನ ಮಾಡ್ತೇನಿ."

(ಆಡಿದ ಮಾತನ್ನು ವಾಪಸು ನುಂಗಿಸುವ ಯಂತ್ರ ಇನ್ನೂ ಪೇಟೆಗೆ ಬಂದಿಲ್ಲ.)

ಗವಾಕ್ಷಿಯ ತಗಡು ಕಿತ್ತೆ. ಮಾಳಿಗೆಗೆ ಸುಣ್ಣ ಬಳಿದೆ. ಕಿಟಕಿಗಳ ಹೊರಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದೆ. ಬಿಸಿಗಾಳಿ ಗವಾಕ್ಷಿಯಿಂದ ಮೇಲೆ ಹೋಯಿತು, ಘಮಘಮಿಸುವ ತಂಗಾಳಿ ಒಳಗೆ ಬಂತು. ಸಿದ್ದೀಕಾ ಪಡಸಾಲೆಯ ನಡುವೆ ಕಣ್ಣು ಮುಚ್ಚಿ ನಿಂತು, "ಭಾಳ ಛಲೋ ಆತ್ರಿ" ಎಂದಳು. ನಿಕಾಹ್ ಆದಾಗಿನಿಂದ ಇಂಥ ಬಿರುದು ನನಗೆ ಸಿಕ್ಕಿರಲಿಲ್ಲ.

ಸುದ್ದಿ ಹಬ್ಬಿತು. ಚಡಚಣದಿಂದ ಅತ್ತೆ ಸೈದಾಬಿ ಹಾಸಿಗೆ ಸಮೇತ ಬಂದಿಳಿದರು. ಓಣಿಯ ಹೆಂಗಸರೆಲ್ಲ ಮಧ್ಯಾಹ್ನದ ನಿದ್ದೆಯನ್ನು ನಮ್ಮ ಪಡಸಾಲೆಗೆ ವರ್ಗಾಯಿಸಿದರು. ಹೆಂಗಸರು ಮಲಗಿದ ಕಡೆ ಗಂಡಸಿಗೇನು ಕೆಲಸವೆಂದು ನನ್ನನ್ನು ಅಂಗಳಕ್ಕೆ ಅಟ್ಟಲಾಯಿತು. ಅಲ್ಲಿ ಮಾತ್ರ ಕೆಲಸವಿತ್ತು. ತಟ್ಟಿ ಒಣಗಿದೊಡನೆ ಒಳಗಿನಿಂದ ಆಜ್ಞೆ: "ನೀರು ಹೊಡೀರಿ." ನಾನು ತಲೆಗೆ ಟವೆಲು ಸುತ್ತಿ, ಕೊಡ ಹಿಡಿದು, ಸುಡುವ ಬಿಸಿಲಲ್ಲಿ ಕಿಟಕಿಯಿಂದ ಕಿಟಕಿಗೆ ಪ್ರದಕ್ಷಿಣೆ ಹಾಕತೊಡಗಿದೆ.

ನಿನ್ನೆ ಮೊದಲ ಸಲ ಬಂದಿದ್ದ ಹಿಂದಿನ ಓಣಿಯ ರೇಣವ್ವನ ದನಿ ತಟ್ಟಿಯ ಆಚೆಯಿಂದ ಕೇಳಿಸಿತು: "ಇಷ್ಟು ತಂಪು ಮಾಡಾಕ ಇದು ಕರೆಂಟ ಎಷ್ಟ ತಿಂತೈತೆವ್ವಾ?"

"ಕರೆಂಟ ಒಟ್ಟ ತಿನ್ನಂಗಿಲ್ಲಕ್ಕಾ," ಸಿದ್ದೀಕಾ ಹೆಮ್ಮೆಯಿಂದ ಹೇಳಿದಳು. "ಹೊತ್ತಿಗೆ ಎರಡು ರೊಟ್ಟಿ ತಿಂತೈತಿ, ಅಷ್ಟ."