ಗೌರಜ್ಜಿಯ ಕಾಲಿಗೆ ಬಿದ್ದ ಅಭ್ಯರ್ಥಿ

ಮೈದಾನದಲ್ಲಿ ಬೆವರು ಸುರಿಸಿದವರು ಆಮೇಲೆ ಶಾಸಕರಾಗಿದ್ದಾರೆ, ಸಂಸದರಾಗಿದ್ದಾರೆ, ಮಂತ್ರಿಗಳೂ ಆಗಿದ್ದಾರೆ. ಹೀಗಿರುವಾಗ, ಇಲಾಖೆಯೊಂದರ ತಂಡದಲ್ಲಿ ಹನ್ನೆರಡು ವರ್ಷ ಕಬಡ್ಡಿ ಆಡಿಯೇ ಹೊಟ್ಟೆ ಹೊರೆದು, ಮಂಡಿ ಸವೆಸಿಕೊಂಡು ಜಗಳೂರಿಗೆ ಮರಳಿದ ನಾನು ಪಟ್ಟಣ ಪಂಚಾಯಿತಿಯ ಒಂದು ವಾರ್ಡು ಗೆಲ್ಲಲಾರೆನೇ? ಖಂಡಿತ ಗೆಲ್ಲುತ್ತೇನೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಉದ್ದೇಶವೂ ಒಳ್ಳೆಯದೇ. ನಮ್ಮ ವಾರ್ಡಿನ ಹೆಣ್ಣುಮಕ್ಕಳು ರಸ್ತೆಯಲ್ಲಿ ಕಬಡ್ಡಿ ಆಡಿ ಮೊಣಕೈ ತರಚಿಕೊಳ್ಳುತ್ತಿದ್ದರು. ನೀರಿನ ಟ್ಯಾಂಕಿನ ಹಿಂದಿನ ಖಾಲಿ ಜಾಗ ಜಾಲಿ ಮುಳ್ಳಿನ ಪಾಲಾಗಿತ್ತು. ಅದನ್ನು ಆಟದ ಅಂಕಣ ಮಾಡಿಸಬೇಕು, ಇಷ್ಟೇ ನನ್ನ ಪ್ರಣಾಳಿಕೆ.

ಪಕ್ಷೇತರಳಾಗಿ ನಿಂತೆ. ಚಿಹ್ನೆ ಸೀಟಿ ಸಿಕ್ಕಿತು! ನಮ್ಮ ಮನೆಯವರು ಕುಣಿದಾಡಿದರು.

"ಆಟಗಾರ್ತಿಗೆ ಸೀಟಿ! ಇನ್ನೇನ್ ಬೇಕು? ನಾನು ಮುಂದೆ ಊದ್ತಾ ಹೋಗ್ತೀನಿ, ನೀನು ಹಿಂದೆ ಕೈ ಮುಗೀತಾ ಬಾ."

ಮರುದಿನ ಬೆಳಿಗ್ಗೆ ಆರೂವರೆಗೆ ಪ್ರಚಾರ ಶುರು. ಅವರು ಊದಿದರು. ಇಡೀ ಬೀದಿಯ ಬಾಗಿಲುಗಳು ಒಟ್ಟಿಗೇ ತೆರೆದವು. ಇಂಥ ಜನಬೆಂಬಲ ಯಾವ ಮಂತ್ರಿಗೂ ಸಿಕ್ಕಿರಲಾರದು ಎಂದುಕೊಂಡೆ. ನೋಡಿದರೆ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಬಕೆಟ್!

ಕಸದ ಗಾಡಿಯವರೂ ಸೀಟಿಯನ್ನೇ ಊದುತ್ತಾರೆ ಎಂಬುದು ನಮ್ಮಿಬ್ಬರಿಗೂ ಆಗ ನೆನಪಾಯಿತು.

"ಗಾಡಿ ಎಲ್ಲೈತ್ರೀ?" ಮೂಲೆಮನೆಯ ನೂರ್‌ಜಾನಕ್ಕ ಕೇಳಿದಳು.

"ಗಾಡಿ ಇಲ್ಲ ಅಕ್ಕಾ, ನಾನು ಎಲೆಕ್ಷನ್ನಿಗೆ ನಿಂತೀನಿ. ವೋಟು ಕೇಳಾಕೆ ಬಂದೀನಿ."

"ವೋಟು ಹಾಕೋಣ ತಗೊಳವ್ವಾ. ಮೊದ್ಲು ಇದನ್ನ ಎಲ್ಲಾದ್ರೂ ಹಾಕು" ಎಂದು, ಮುಗಿದ ನನ್ನ ಕೈಗೆ ಬಕೆಟ್ ಸಿಕ್ಕಿಸಿ ಒಳಗೆ ಹೋದಳು. ಬೀದಿ ಮುಗಿಯುವಷ್ಟರಲ್ಲಿ ನನಗೆ ಏಳು ಬಕೆಟ್‌ಗಳ ಬಹುಮತ ಬಂದಿತ್ತು.

ಮನೆಯವರು ಸೀಟಿಯನ್ನು ಜೇಬಿಗಿಳಿಸಿ ಹೊಸ ತಂತ್ರ ಹೇಳಿದರು.

"ದೊಡ್ಡೋರ ಕಾಲಿಗೆ ಬೀಳು. ಗೌರಜ್ಜಿ ಮನ್ಯಾಗೆ ಹದಿನಾಲ್ಕು ವೋಟು ಅದಾವೆ. ಅಜ್ಜಿ ಹೂಂ ಅಂದ್ರೆ ಎಲ್ಲಾ ನಿನಗೇ."

ಗೌರಜ್ಜಿ ಪಡಸಾಲೆಯಲ್ಲಿ ನಿಂತಿದ್ದರು. ಅವರ ಹಿಂದೆ ಬಿಸಿಲಿಗೆ ಹಾಕಲೆಂದು ತಂದಿಟ್ಟ ಹಾಸಿಗೆಗಳ ರಾಶಿ. ನಾನು ಪರಮಭಕ್ತಿಯಿಂದ ಬಗ್ಗಿದೆ. ಅಜ್ಜಿ ಸಂಕೋಚಪಟ್ಟು, "ಬ್ಯಾಡ ಬಿಡವ್ವಾ" ಎಂದು ಕಾಲನ್ನು ಹಿಂದಕ್ಕೆಳೆದುಕೊಂಡರು.

ಅಲ್ಲೇ ಅನಾಹುತವಾಯಿತು. ಹಿಂದೆ ಸರಿಯುವ ಕಾಲನ್ನು ಹಿಡಿದೆಳೆಯುವುದೇ ನನ್ನ ಹನ್ನೆರಡು ವರ್ಷದ ಉದ್ಯೋಗ. ತಲೆ ಆಶೀರ್ವಾದ ಬೇಡುತ್ತಿತ್ತು, ಕೈ ಅದರ ಮಾತು ಕೇಳಲಿಲ್ಲ. ಗಬಕ್ಕನೆ ಹಿಡಿದೆ. ಎಳೆದೆ. ಅಜ್ಜಿ ಹಾಸಿಗೆಗಳ ಮೇಲೆ ಅಂಗಾತ! ದೇವರ ದಯೆ, ಪೆಟ್ಟಾಗಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ನಾನು ಎದ್ದು ನಿಂತು, ಅಭ್ಯಾಸಬಲದಿಂದ, ತೊಡೆ ತಟ್ಟಿಬಿಟ್ಟೆ!

"ವೋಟು ಕೇಳಾಕೆ ಬಂದೀಯೇನೇ, ನನ್ನ ಕೆಡವಾಕೆ ಬಂದೀಯೇನೇ?" ಅಜ್ಜಿ ಮಲಗಿದಲ್ಲಿಂದಲೇ ಕೂಗಿದರು.

ಸಂಜೆ ಕ್ಷಮೆ ಕೇಳಲು ಬಾಳೆಹಣ್ಣು ಹಿಡಿದು ಹೋದರೆ, ಮನೆಮಂದಿಯೆಲ್ಲ ಕಾಲು ಮಡಚಿಕೊಂಡು ಮಂಚದ ಮೇಲೆ ಕೂತಿದ್ದರು. ಸುದ್ದಿ ನನಗಿಂತ ಮೊದಲೇ ವಾರ್ಡು ಸುತ್ತಿತು. ಆಮೇಲೆ ನಾನು ಹೋದಲ್ಲೆಲ್ಲ ಹೆಂಗಸರು ಕಟ್ಟೆ ಹತ್ತಿ ನಿಂತು, "ಹಾಕ್ತೀವಿ ಹೋಗವ್ವಾ, ಹತ್ರ ಬರಬ್ಯಾಡ" ಎನ್ನುತ್ತಿದ್ದರು.

ಫಲಿತಾಂಶ ಬಂತು. ನಾನೂ ಸೇರಿ ಕಣದಲ್ಲಿದ್ದವರು ಮೂವರು, ನಾನು ನಾಲ್ಕನೆಯವಳು. ಮೂರನೆಯ ಸ್ಥಾನ ನೋಟಾಕ್ಕೆ!

ಗೆದ್ದವರು ನಿವೃತ್ತ ಅಂಗನವಾಡಿ ಟೀಚರ್ ಸುಶೀಲಮ್ಮ. ಜೀವಮಾನದಲ್ಲಿ ಕುಂಟೆಬಿಲ್ಲೆಯನ್ನೂ ಆಡಿದವರಲ್ಲ. ಆದರೆ ಮೂರೇ ತಿಂಗಳಲ್ಲಿ ಜಾಲಿ ಕಡಿಸಿ, ಜಾಗ ಮಟ್ಟ ಮಾಡಿಸಿ, ನನಗೇ ಫೋನ್ ಮಾಡಿದರು.

"ನಾಳೆ ಅಂಕಣ ಶುರು ಮಾಡ್ತೀವ್ರೀ. ನೀವು ಬರಲೇಬೇಕು. ನಿಮ್ಮನ್ನ ಬಿಟ್ರೆ ಈ ಕೆಲಸಕ್ಕೆ ಯಾರದಾರೆ?"

ಸೋತರೂ ಉದ್ಘಾಟನೆ ನನ್ನದೇ! ರೇಷ್ಮೆ ಸೀರೆ ಉಟ್ಟೆ. ಭಾಷಣ ಬಾಯಿಪಾಠ ಮಾಡಿದೆ. ಹೋದರೆ ಸುಶೀಲಮ್ಮ ಸುಣ್ಣದ ಪುಡಿ ತುಂಬಿದ ಬುಟ್ಟಿಯನ್ನು ಕೈಗಿಟ್ಟರು.

"ಗೆರೆ ಎಲ್ಲೆಲ್ಲಿ ಬರ್ತಾವೆ ಅಂತ ನಮಗೆ ಗೊತ್ತಿಲ್ಲ. ಒಂಚೂರು ಹಾಕಿಕೊಡ್ರೀ."

ಸೆರಗು ಸಿಕ್ಕಿಸಿ ಬಗ್ಗಿದೆ. ಹನ್ನೆರಡು ವರ್ಷ ಬೇರೆಯವರು ಹಾಕಿದ ಗೆರೆಯೊಳಗೇ ಆಡಿದವಳು, ಕಣ್ಣು ಮುಚ್ಚಿಕೊಂಡೂ ಹಾಕಬಲ್ಲೆನೆಂಬ ಧೈರ್ಯ. ಮುಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಹುಡುಗಿಯೊಬ್ಬಳು ಬಂದು ಮೆಲ್ಲಗೆ ಕೇಳಿದಳು.

"ಆಂಟಿ, ಇದು ಕಬಡ್ಡಿದೋ, ಖೋಖೋದೋ?"

ತಿರುಗಿ ನೋಡಿದೆ. ನನಗೂ ಗೊತ್ತಾಗಲಿಲ್ಲ!