ಹೊತ್ತು ಮುಳುಗುವ ಮುಂಚೆ ಮನೆಗಾಡಿ

ಶೇಡಬಾಳದ ಶ್ರೇಣಿಕ ಹಳೆಯ ಟೆಂಪೋ ಒಂದನ್ನು ಕೊಂಡು, ಅದರ ಹೊಟ್ಟೆಯೊಳಗೆ ಮೂರು ಮಂಚ, ಅಡಿಗೆಕಟ್ಟೆ, ನೀರಿನ ಟಾಕಿ, ಗ್ಯಾಸ್ ಒಲೆ ಎಲ್ಲ ಕೂರಿಸಿ ‘ಮನೆಗಾಡಿ’ ಎಂದು ನಾಮಕರಣ ಮಾಡಿದ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲಿ ನಿಲ್ಲಿಸಿದರೂ ಅದೇ ಮನೆ! ಮೊದಲ ಪ್ರವಾಸಕ್ಕೆ ಹೆಂಡತಿ ರೂಪಾಲಿ ಬೇಗನೆ ಒಪ್ಪಿದಳು. (ಒಪ್ಪಲಿಲ್ಲ, ಸುಮ್ಮನಾದಳು. ಗಂಡಂದಿರ ಲೆಕ್ಕದಲ್ಲಿ ಎರಡೂ ಒಂದೇ.) ಕಷ್ಟವಾದದ್ದು ತಾಯಿ ಲಕ್ಷ್ಮಿಬಾಯಿಯನ್ನು ಒಪ್ಪಿಸುವುದು. ಜೈನರ ನೇಮದಂತೆ ಆಕೆ ತಿಳಿವಳಿಕೆ ಬಂದಾಗಿನಿಂದ ಹೊತ್ತು ಮುಳುಗಿದ ಮೇಲೆ ಅನ್ನ ನೀರು ಮುಟ್ಟಿದವಳಲ್ಲ.

“ಹಾದ್ಯಾಗ ಹೊತ್ತ ಮುಳುಗಿದ್ರ ನಾ ಉಪಾಸ ಮಲಗಬೇಕಾಕ್ಕೈತಪಾ. ನಾಕ ರೊಟ್ಟಿ ಕಟಗೊಂಡ ಬರ್ತೀನಿ.”

“ಆಯೀ, ರೊಟ್ಟಿ ಕಟಗೊಳ್ಳಾಕ ಅದೇನ ಎಸ್ಟಿ ಬಸ್ಸೇನ? ಗಾಡಿ ನಿಂತ ಅರ್ಧಾ ತಾಸಿನ್ಯಾಗ ನಿನ್ನ ತಾಟಿನ್ಯಾಗ ಬಿಸಿ ಊಟ! ಒಂದ ರೊಟ್ಟಿನೂ ತರಬ್ಯಾಡ. ನನ್ನ ಗಾಡಿ ಮರ್ಯಾದಿ ಹೋಗತೈತಿ.”

ಅಂಕಲಿಯ ಹತ್ತಿರ, ಹೊಳೆಯ ದಂಡೆಗೆ ಮುರಗೆಪ್ಪನೆಂಬ ರೈತನ ಕಬ್ಬಿನ ಹೊಲ. ಅದರ ಬದುವಿನಲ್ಲಿ ಒಂದು ನಲ್ಲಿ, ಒಂದು ಕರೆಂಟಿನ ಡಬ್ಬಿ ಹಾಕಿಸಿ ಅವನು ‘ಕ್ಯಾಂಪ್ ಸೈಟ್’ ಎಂದು ಬೋರ್ಡು ನೆಟ್ಟಿದ್ದ. ಮನೆಗಾಡಿ ಅಲ್ಲಿ ಹೋಗಿ ನಿಂತಾಗ ಸೂರ್ಯ ಕಬ್ಬಿನ ಸುಳಿಗಿಂತ ಸಾಕಷ್ಟು ಮೇಲಿದ್ದ.

ಶ್ರೇಣಿಕನದು ಮೊಬೈಲು ನೋಡಿ ಸಂಪಾದಿಸಿದ ವಿದ್ಯೆ. ಅದರ ಪ್ರಕಾರ ಮೊದಲು ಗಾಡಿ ಸಮವಾಗಿ ನಿಲ್ಲಬೇಕು, ಆಮೇಲೆ ನೀರು, ಆಮೇಲೆ ಕರೆಂಟು, ಕಟ್ಟಕಡೆಗೆ ಒಲೆ. ಅಡಿಗೆಕಟ್ಟೆಯ ಮೇಲೆ ನೀರು ತುಂಬಿದ ತಾಟು ಇಟ್ಟು, ತಾಯಿಯನ್ನು ಅದರ ಮುಂದೆ ಕೂರಿಸಿ, ತಾನು ಜ್ಯಾಕು ಹಿಡಿದು ಗಾಡಿಯ ಕೆಳಗೆ ಅಂತರ್ಧಾನನಾದ.

“ಆಯೀ, ನೀರ ಯಾ ಕಡೆ ವಾಲೈತಿ?”

“ಹೊಳಿ ಕಡೆ.”

ಚಕ್ರದ ಕೆಳಗೆ ಒಂದು ಇಟ್ಟಿಗೆ ಬಿತ್ತು. “ಈಗ?”

“ಈಗ ಕಬ್ಬಿನ ಕಡೆ.”

“ಈಗ?”

“ಈಗ ನನ್ನ ಸೀರಿ ಮ್ಯಾಲೆ!”

ಮುರಗೆಪ್ಪ ಬೆಳಿಗ್ಗೆಯಷ್ಟೇ ಕಬ್ಬಿಗೆ ನೀರು ಹಾಯಿಸಿದ್ದ. ಇಟ್ಟ ಇಟ್ಟಿಗೆಯನ್ನೆಲ್ಲ ಆ ಹಸಿ ನೆಲ ಬೆಣ್ಣೆಯಂತೆ ನುಂಗುತ್ತಿತ್ತು.

ರೂಪಾಲಿ ಬಗ್ಗಿ ನೋಡಿದಳು. “ರೀ, ಮೊದಲ ಒಲಿ ಹಚ್ಚೂನ್ರಿ. ಗಾಡಿ ಸೊಟ್ಟ ಇದ್ರ ಪಲ್ಯಾ ಸೊಟ್ಟ ಆಕ್ಕೈತೇನ?”

“ಜ್ಯಾಕಿನ ಮ್ಯಾಲೆ ಗಾಡಿ ಇದ್ದಾಗ ಯಾರರ ಒಲಿ ಹಚ್ತಾರೇನ? ಎಲ್ಲಾಕ್ಕೂ ಒಂದ ಪದ್ಧತಿ ಐತಿ. ನೀ ನಡುವ ಬಾಯಿ ಹಾಕಬ್ಯಾಡ!”

ಅಷ್ಟರಲ್ಲಿ ಮುರಗೆಪ್ಪನ ಹೆಂಡತಿ ಲಕ್ಕವ್ವ ಬಂದಳು. ಗಾಡಿಯ ಕೆಳಗಿನಿಂದ ಹೊರಗೆ ಚಾಚಿದ್ದ ಎರಡು ಕಾಲುಗಳನ್ನು ಕನಿಕರದಿಂದ ನೋಡಿ, “ಪಂಕ್ಚರ್ ಆಗೈತೇನ್ರಿ?” ಎಂದಳು.

“ಇಲ್ಲ ಅಕ್ಕಾ, ಮನಿ ಕಟ್ಟಾಕತ್ತಾರ,” ಎಂದಳು ರೂಪಾಲಿ.

ಶ್ರೇಣಿಕ ಹಲ್ಲು ಕಚ್ಚಿ, ಅರ್ಧ ತಾಸು ಹೆಣಗಿ, ಬದುವಿನ ಚಪ್ಪಡಿ ಕಲ್ಲೊಂದನ್ನು ಎಳೆದು ತಂದು ಚಕ್ರದಡಿ ತಳ್ಳಿದ. “ಆಯೀ, ಈಗ?” ಉತ್ತರವಿಲ್ಲ. ದೂರು ಇಲ್ಲವೆಂದರೆ ಸಮವಾಯಿತೆಂದೇ ಅರ್ಥ! ಹುರುಪಿನಿಂದ ಎದ್ದು ಪೈಪು ಜೋಡಿಸಿದ, ವಾಯರು ಎಳೆದ, ಗಾಡಿಯೊಳಗೆ ಹಾರಿ ಒಲೆ ಹಚ್ಚಿದ. ನೀಲಿ ಉರಿ ಭಗ್ ಎಂದು ಎದ್ದಿತು. ತಾಟಿನ ನೀರೋ, ಕನ್ನಡಿಯಂತೆ ನಿಶ್ಚಲ!

“ಆಯೀ, ಬಾ! ರೂಪಾಲಿ, ಕುಕ್ಕರ್ ಇಡು!”

ತಿರುಗಿ ನೋಡಿದರೆ ಗಾಡಿಯಲ್ಲಿ ಯಾರೂ ಇರಲಿಲ್ಲ. ಕಿಟಕಿಯಲ್ಲಿ ಸೂರ್ಯನೂ ಇರಲಿಲ್ಲ.

ಶ್ರೇಣಿಕ ಹಣೆ ಚಚ್ಚಿಕೊಂಡ. ಮೊಂಡುತನಕ್ಕೆ ಬಿದ್ದು ಹೆತ್ತ ತಾಯಿಯನ್ನು ಉಪವಾಸ ಕೆಡವಿದೆನಲ್ಲಾ! ಸಿಟ್ಟಾಗಿ ಶೇಡಬಾಳದ ಹಾದಿ ಹಿಡಿದಳೋ ಏನೋ! ಒಲೆ ಆರಿಸಿ, ಕೆಸರುಗಾಲಲ್ಲೇ ಓಡಿದ.

ಹೊಲದ ಮನೆಯ ಕಟ್ಟೆಯ ಮೇಲೆ ಲಕ್ಷ್ಮಿಬಾಯಿ ಕಾಲು ಚಾಚಿ ಕುಳಿತು ಲಕ್ಕವ್ವನೊಡನೆ ನಗುತ್ತಿದ್ದಳು.

“ಆಯೀ… ನಿನ್ನ ಊಟಾ?”

“ಆಗಲೇ ಆತಲ್ಲೋ! ರೂಪಾಲಿ ನೀರ ಸೋಸಿ ಇಟ್ಟು, ಲಕ್ಕವ್ವನ ಒಲಿ ಮುಂದ ಕುಂತು ತಾನ ರೊಟ್ಟಿ ಬಡದ್ಲು. ಹೆಸರಬ್ಯಾಳಿ, ಬೆಂಡಿಕಾಯಿ ಪಲ್ಯಾ. ಹೊತ್ತ ಇನ್ನೂ ಇತ್ತು, ಉಂಡ ಬಾಯಿ ತೊಳಕೊಂಡೆ.”

ಎದೆಯ ಮೇಲಿನ ಜ್ಯಾಕು ಇಳಿದಂತಾಯಿತು ಶ್ರೇಣಿಕನಿಗೆ. ಕಟ್ಟೆಯ ಮೇಲೆ ಕುಸಿದು ಕುಳಿತು ಉಸಿರು ಬಿಟ್ಟ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ಎಂದೂ ನೋಡದಷ್ಟು ಪ್ರೀತಿಯಿಂದ ನೋಡಿದ. ಸಮಾಧಾನ ಹೊಟ್ಟೆಯ ತನಕ ಇಳಿದಾಗಲೇ ಅಲ್ಲಿ ಏನೂ ಇಲ್ಲವೆಂಬುದು ಅವನ ಗಮನಕ್ಕೆ ಬಂದದ್ದು. ಒಳಗಿನಿಂದ ಪಲ್ಯದ ವಾಸನೆ ಬೇರೆ. ಕಟ್ಟೆಯ ಮೇಲಿದ್ದ ನೀರಿನ ತಂಬಿಗೆಗೆ ಮೆಲ್ಲಗೆ ಕೈ ಚಾಚಿದ.

“ಅಣ್ಣಾರ, ದಣಿದ ಬಂದೀರಿ. ನಿಮಗೂ ತಾಟ ಹಚ್ಚಲೇನ್ರಿ?” ಎಂದಳು ಲಕ್ಕವ್ವ.

“ಛೇ ಛೇ!” ಲಕ್ಷ್ಮಿಬಾಯಿಯ ಮುಖ ಹೆಮ್ಮೆಯಿಂದ ಅರಳಿತು. “ಕತ್ತಲಾತಲ್ಲವಾ! ನನ್ನ ಮಗಾ ನನಕಿಂತ ಕಟ್ಟುನಿಟ್ಟ. ಹೊತ್ತ ಮುಳುಗಿದ ಮ್ಯಾಲೆ ಅಂವಾ ನೀರೂ ಮುಟ್ಟೂದಿಲ್ಲ. ಹೌದಲ್ಲ, ರೂಪಾಲಿ?”

ಶ್ರೇಣಿಕ ಹೆಂಡತಿಯತ್ತ ದೀನನಾಗಿ ನೋಡಿದ. (ನಿಪ್ಪಾಣಿಗೆ ಹೋದಾಗಲೆಲ್ಲ, ಬೀದಿದೀಪ ಹತ್ತಿದ ಮೇಲೆ, ಅವನು ನಿಂತುಕೊಂಡೇ ಎರಡು ಪ್ಲೇಟ್ ಭೇಳ್ ಹೊಡೆಯುವುದು ಅವಳೊಬ್ಬಳಿಗೇ ಗೊತ್ತು.)

ರೂಪಾಲಿ ಸೆರಗು ಸರಿ ಮಾಡಿಕೊಂಡು, “ಹೌದ್ರಿ ಅತ್ತಿ,” ಎಂದಳು. “ನೀರೂ ಮುಟ್ಟೂದಿಲ್ರಿ.”

ಶ್ರೇಣಿಕನ ಕೈ ಆಗಲೇ ತಂಬಿಗೆಯ ಕೊರಳಿಗೆ ತಾಗಿತ್ತು. ಇನ್ನೇನು ಮಾಡಿಯಾನು? ಆ ಬರಿಗೈಯನ್ನು ಹಾಗೆಯೇ ಮೇಲೆತ್ತಿ, ಇನ್ನೊಂದು ಕೈಯನ್ನೂ ಜೋಡಿಸಿ, ಲಕ್ಕವ್ವನಿಗೆ ಭಯಭಕ್ತಿಯಿಂದ ನಮಸ್ಕಾರ ಮಾಡಿಬಿಟ್ಟ.